ಹೊಸ ಬ್ಯಾಟರಿಗೆ ಮುಂಚೆ ಮೀಟರು: ಹಾಯಿದೋಣಿಯ ಕರೆಂಟಿನ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಯಿದೋಣಿಯಲ್ಲೇ ಮನೆ ಮಾಡಿಕೊಂಡು ತಿಂಗಳುಗಟ್ಟಲೆ ಸುತ್ತುವವರದ್ದು. ಎಲ್ಲರದ್ದೂ ಒಂದೇ ಗೋಳು: ಕರೆಂಟು ಸಾಲುತ್ತಿಲ್ಲ. ಅದಕ್ಕೆ ಈ ಅಂಕಣ ಪೂರ್ತಿ ಅದಕ್ಕೇ ಮೀಸಲು. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮದು 36 ಅಡಿ ದೋಣಿ, 12 ವೋಲ್ಟ್ ವ್ಯವಸ್ಥೆ. 100 ಆಂಪ್ ಅವರ್‌ನ ನಾಲ್ಕು ಎಜಿಎಂ (ಸೀಲ್ ಮಾಡಿದ ಸೀಸದ) ಬ್ಯಾಟರಿ ಇವೆ. ಹಾಕಿ ಎರಡು ವರ್ಷ ಆಯಿತು. ಈಗ ಬೆಳಗಿನ ಜಾವ ಫ್ರಿಜ್ ತಾನಾಗೇ ಆಫ್ ಆಗುತ್ತದೆ. ದಿನಾ ಬೆಳಿಗ್ಗೆ ಒಂದು ಗಂಟೆ ಎಂಜಿನ್ ಓಡಿಸುತ್ತೇವೆ. ಇನ್ನೆರಡು ಬ್ಯಾಟರಿ ಸೇರಿಸಿದರೆ ಸರಿಹೋಗುತ್ತಾ ಸರ್?

ಉತ್ತರ: ಬೇಡ. ಸದ್ಯಕ್ಕೆ ಒಂದನ್ನೂ ಕೊಳ್ಳಬೇಡಿ.

ಲೆಕ್ಕ ನೋಡಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯಸ್ಸು ಕಡಿಮೆ. ಹಾಗಾಗಿ ನಾಲ್ಕೂ ಸೇರಿದ 400 ಆಂಪ್ ಅವರ್‌ನಲ್ಲಿ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್ ಅವರ್) ನಿಮ್ಮ ಕೈಗೆ ಸಿಗುವುದು 200. ಇನ್ನೊಂದು ಕಡೆ, ಇದೇ ಬ್ಯಾಟರಿ ಸುಮಾರು 80 ಪರ್ಸೆಂಟ್‌ವರೆಗೆ ಚುರುಕಾಗಿ ಚಾರ್ಜ್ ಆಗುತ್ತದೆ, ಆಮೇಲೆ ನಿಧಾನ. ಕೊನೆಯ 20 ಪರ್ಸೆಂಟ್ ತುಂಬಲು ನಾಲ್ಕೈದು ಗಂಟೆ ಬೇಕು. ಎಷ್ಟೇ ದೊಡ್ಡ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಕರೆಂಟು ಹುಟ್ಟಿಸುವ ಯಂತ್ರ) ಇಟ್ಟರೂ ಅಷ್ಟೆ, ಬ್ಯಾಟರಿಯೇ ಒಳಗೆ ತೆಗೆದುಕೊಳ್ಳುವುದಿಲ್ಲ. ನೀವು ಒಂದು ಗಂಟೆಗೆ ಎಂಜಿನ್ ನಿಲ್ಲಿಸಿದರೆ ಅದು ಪೂರ್ತಿ ತುಂಬುವ ಮಾತೇ ಇಲ್ಲ. ಅಂದರೆ ನೀವು ದಿನಾ ಆಡುತ್ತಿರುವುದು 50 ಮತ್ತು 80ರ ನಡುವೆ, ಬರೀ 120 ಆಂಪ್ ಅವರ್‌ನಲ್ಲಿ. ಹೀಗೆ ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಇಟ್ಟರೆ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಆ 120 ಕೂಡ ಇರುವುದಿಲ್ಲ. ಎರಡು ವರ್ಷಕ್ಕೆ ಎಜಿಎಂ ಸಾಯುವುದಕ್ಕೆ ನಾನು ನೋಡಿದ ಮಟ್ಟಿಗೆ ಇದೇ ದೊಡ್ಡ ಕಾರಣ.

ನಲ್ಲಿ ಸಣ್ಣದಿರುವಾಗ ಕೊಡಗಳನ್ನು ಜಾಸ್ತಿ ಇಟ್ಟರೆ ನೀರು ಜಾಸ್ತಿ ಬರುತ್ತಾ? ಅಲ್ಲದೆ ಹಳೇ ಬ್ಯಾಟರಿಗಳ ಜೊತೆ ಹೊಸದನ್ನು ಸೇರಿಸಿದರೆ ಹಳೆಯವು ಹೊಸದನ್ನೂ ತಮ್ಮ ಮಟ್ಟಕ್ಕೆ ಎಳೆದುಕೊಳ್ಳುತ್ತವೆ.

ಮೊದಲು ದಡದ ಕರೆಂಟಿಗೆ ಸಿಕ್ಕಿಸಿ ಇಡೀ ದಿನ ಚಾರ್ಜ್ ಮಾಡಿ. 14.4 ವೋಲ್ಟ್ ಆಸುಪಾಸಿನಲ್ಲಿ ನಿಂತು, ಒಳಗೆ ಹೋಗುವ ಆಂಪ್ಸ್ 4ರಿಂದ 8ಕ್ಕೆ ಇಳಿದರೆ ತುಂಬಿದೆ ಅಂತ. ಆಮೇಲೆ ನಾಲ್ಕನ್ನೂ ಬಿಡಿಸಿ, ಬೇರೆ ಬೇರೆ ಇಟ್ಟು, ಒಂದು ರಾತ್ರಿ ಸುಮ್ನೆ ಬಿಟ್ಟು ಬೆಳಿಗ್ಗೆ ಒಂದೊಂದರ ವೋಲ್ಟೇಜ್ ನೋಡಿ. ಒಳ್ಳೆಯದು 12.8ರ ಹತ್ತಿರ ಇರುತ್ತದೆ. ಮೂರು 12.8 ಇದ್ದು ಒಂದು 12.4 ಇದ್ದರೆ ಕಳ್ಳ ಸಿಕ್ಕಿದ ಹಾಗೆ, ಆ ಒಂದೇ ಬ್ಯಾಟರಿ ಉಳಿದ ಮೂರನ್ನೂ ರಾತ್ರಿಯಿಡೀ ಹೀರುತ್ತಿದೆ. ನಾಲ್ಕೂ ಸರಿ ಇದ್ದರೆ ಮತ್ತೆ ಜೋಡಿಸಿ, 20 ಆಂಪ್ ಲೋಡ್ ಕೊಟ್ಟು 10 ಗಂಟೆ ಬಿಡಿ, ಒಂದೆರಡು ಗಂಟೆ ವಿಶ್ರಾಂತಿ ಕೊಟ್ಟು ಅಳೆಯಿರಿ. 12.2ರ ಸುತ್ತ ಬಂದರೆ ಬ್ಯಾಟರಿ ಗಟ್ಟಿಮುಟ್ಟಾಗಿದೆ. ಐದೇ ಗಂಟೆಗೆ ಅಲ್ಲಿಗೆ ಬಂದು ನಿಂತರೆ ಅರ್ಧ ಸಾಮರ್ಥ್ಯ ಹೋಗಿದೆ, ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ.

ಇನ್ನೊಂದು ವಿಷಯ. ಎಂಜಿನ್ ಓಡುವಾಗ ಮೀಟರನ್ನು ಆಲ್ಟರ್ನೇಟರ್ ಮೇಲೆ ಇಡಬೇಡಿ, ಬ್ಯಾಟರಿಯ ತುದಿಗೇ ಇಡಿ. ಹಳೇ ದೋಣಿಗಳಲ್ಲಿ ಎರಡು ಬ್ಯಾಂಕ್‌ಗಳನ್ನು (ಬ್ಯಾಟರಿಗಳ ಗುಂಪು) ಬೇರೆ ಮಾಡಲು ಡಯೋಡ್ (ಒಂದೇ ದಿಕ್ಕಿಗೆ ಕರೆಂಟು ಬಿಡುವ ಬಿಡಿಭಾಗ) ಇರುವ ಸ್ಪ್ಲಿಟರ್ ಹಾಕಿರುತ್ತಾರೆ. ಅದೊಂದೇ 0.6ರಿಂದ 0.7 ವೋಲ್ಟ್ ನುಂಗುತ್ತದೆ. ಆಲ್ಟರ್ನೇಟರ್ 14.4 ಕೊಡುತ್ತಿದೆ ಅಂತ ನೀವು ನೆಮ್ಮದಿಯಾಗಿರುತ್ತೀರಿ, ಬ್ಯಾಟರಿಗೆ ಮುಟ್ಟುವುದು 13.7. ಆ ವೋಲ್ಟೇಜಿಗೆ ಅದು ಯಾವತ್ತೂ ಸರಿಯಾಗಿ ತುಂಬುವುದಿಲ್ಲ.

ಪ್ರಶ್ನೆ: ದಿನಕ್ಕೆ ಎಷ್ಟು ಕರೆಂಟು ಖರ್ಚಾಗುತ್ತದೆ ಅಂತ ಲೆಕ್ಕ ಹಾಕುವುದು ಹೇಗೆ? ಪುಸ್ತಕಗಳಲ್ಲಿ ಕೊಡುವ ಪಟ್ಟಿ ನಮ್ಮ ದೋಣಿಗೆ ಹೊಂದುವುದೇ ಇಲ್ಲ.

ಉತ್ತರ: ಹೊಂದುವುದಿಲ್ಲ, ನಿಜ. ಪಟ್ಟಿ ಬರೆಯುವವರು ಮೋಟಾರ್ ಮೇಲೆ ಅಂಟಿಸಿದ ಅಂಕಿಯನ್ನು ನಂಬುತ್ತಾರೆ. ನೀವು ಶಂಟ್ (ಹರಿಯುವ ಕರೆಂಟನ್ನು ಅಳೆಯುವ ಲೋಹದ ತುಂಡು) ಇರುವ ಬ್ಯಾಟರಿ ಮಾನಿಟರ್ ಹಾಕಿಸಿ. ಬ್ಯಾಟರಿಯ ನೆಗೆಟಿವ್‌ನಿಂದ ಹೊರಡುವ ಪ್ರತಿಯೊಂದು ವೈರೂ ಶಂಟ್‌ನ ಆಚೆ ಬದಿಗೆ ಬರಬೇಕು. ಒಂದೇ ಒಂದು ವೈರ್ ನೇರ ಬ್ಯಾಟರಿಗೆ ಹೋದರೂ ಲೆಕ್ಕ ತಪ್ಪುತ್ತದೆ. ಇಡೀ ವ್ಯವಸ್ಥೆಯಲ್ಲಿ ದುಡ್ಡಿಗೆ ತಕ್ಕ ಬೆಲೆ ಸಿಗುವ ಸಾಮಾನು ಅಂದರೆ ನನ್ನ ಪ್ರಕಾರ ಇದೇ.

ಅಂದಾಜಿಗೆ ಹೇಳುವುದಾದರೆ: 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಓಡುವಾಗ 4-5 ಆಂಪ್, ಸೆಕೆಯ ಸಮುದ್ರದಲ್ಲಿ ದಿನದ ಅರ್ಧ ಹೊತ್ತು ಓಡುತ್ತದೆ, ಅಂದರೆ 50ರಿಂದ 60 ಆಂಪ್ ಅವರ್. ಆಟೋಪೈಲಟ್ 2ರಿಂದ 6 ಆಂಪ್, ಅಲೆ ಜಾಸ್ತಿ ಇದ್ದಷ್ಟೂ, ಹಾಯಿ ಸರಿಯಾಗಿ ಹೊಂದಿಸದೆ ಇದ್ದಷ್ಟೂ ಹೆಚ್ಚು. (ಹಾಯಿ ಸರಿಮಾಡಿ ಕರೆಂಟು ಉಳಿಸಬಹುದು ಅನ್ನುವುದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ.) ಲಂಗರು ಹಾಕಿದಾಗ ಉರಿಯುವ ದೀಪ ಹಳೇ 25 ವ್ಯಾಟ್ ಬಲ್ಬ್ ಆಗಿದ್ದರೆ ರಾತ್ರಿಗೆ 24 ಆಂಪ್ ಅವರ್, ಎಲ್‌ಇಡಿ ಆದರೆ ಎರಡು-ಮೂರರಲ್ಲಿ ಮುಗಿಯುತ್ತದೆ. ವಿಎಚ್‌ಎಫ್ ರೇಡಿಯೋ ಸುಮ್ನೆ ಕೇಳುತ್ತಾ ಕೂತಾಗ ಅರ್ಧ ಆಂಪ್ ಒಳಗೆ, ಮಾತಾಡುವಾಗ ಮಾತ್ರ ಐದಾರು.

ಈಗಿನ ದೊಡ್ಡ ಹೊಟ್ಟೆಬಾಕ ಯಾವುದು ಗೊತ್ತಾ? ಸ್ಯಾಟಲೈಟ್ ಇಂಟರ್ನೆಟ್ ಡಿಶ್. 60 ವ್ಯಾಟ್ ಎಳೆಯುವ ಡಿಶ್ಶನ್ನು ಹಗಲೂ ರಾತ್ರಿ ಬಿಟ್ಟರೆ ದಿನಕ್ಕೆ 120 ಆಂಪ್ ಅವರ್, ಎರಡು ಫ್ರಿಜ್‌ನಷ್ಟು. ಮಲಗುವಾಗ ಆಫ್ ಮಾಡುವ ಅಭ್ಯಾಸ ಮಾಡಿಕೊಂಡರೆ ಒಂದು ಸೋಲಾರ್ ಪ್ಯಾನೆಲ್ ಉಳಿತಾಯ. ಇನ್ವರ್ಟರ್ ಕೂಡ ಹಾಗೇ. ಏನೂ ಸಿಕ್ಕಿಸದೆ ಇದ್ದರೂ ಆನ್ ಇದ್ದರೆ ಒಂದೆರಡು ಆಂಪ್ ತಿನ್ನುತ್ತಿರುತ್ತದೆ.

ಪ್ರಶ್ನೆ: ಲಂಗರು ಎತ್ತುವ ಮೋಟಾರ್ ಮೊದಲಿನ ಹಾಗೆ ಎಳೆಯುತ್ತಿಲ್ಲ. ಮೋಟಾರ್ ಬಿಚ್ಚಿ ಸರ್ವೀಸ್ ಮಾಡಿಸಿದೆವು, ಪ್ರಯೋಜನ ಇಲ್ಲ. ಬ್ಯಾಟರಿ ಹೊಸದು. ದೊಡ್ಡ ಮೋಟಾರ್ ಹಾಕಬೇಕಾ?

ಉತ್ತರ: ದೊಡ್ಡದು ಹಾಕಿದರೆ ಇನ್ನೂ ಕೆಟ್ಟದಾಗುತ್ತದೆ. ತೊಂದರೆ ದಾರಿಯಲ್ಲಿದೆ.

ಒಬ್ಬರು ಮುಂದೆ ನಿಂತು ಲಂಗರು ಎಳೆಯಲಿ, ಭಾರ ಬಿದ್ದಿರಬೇಕು, ಸರಪಳಿ ಸುಮ್ನೆ ಸುತ್ತಿಕೊಳ್ಳುವಾಗ ಅಲ್ಲ. ಅದೇ ಹೊತ್ತಿಗೆ ಇನ್ನೊಬ್ಬರು ಮೀಟರ್ ಹಿಡಿದು ಬ್ಯಾಟರಿಯ ಮೇಲೆ ಎಷ್ಟು, ಮೋಟಾರ್ ತುದಿಯಲ್ಲಿ ಎಷ್ಟು ಅಂತ ನೋಡಲಿ. ಅಲ್ಲಿ 12.4 ಇದ್ದು ಇಲ್ಲಿ 9.5 ಇದ್ದರೆ ಸುಮಾರು 3 ವೋಲ್ಟ್ ಕೇಬಲ್‌ನಲ್ಲೇ ಶಾಖವಾಗಿ ಹೋಗುತ್ತಿದೆ. ಎಲ್ಲಿ ಅಂತ ಹುಡುಕುವುದೂ ಇದೇ ಮೀಟರಿನಿಂದ. ಒಂದು ಕಡ್ಡಿಯನ್ನು ಬ್ಯಾಟರಿಯ ತುದಿಗೆ, ಇನ್ನೊಂದನ್ನು ಅದರ ಮೇಲಿನ ಲಗ್‌ಗೆ (ಕೇಬಲ್ ತುದಿಯ ಲೋಹದ ಬಳೆ). ಭಾರ ಇರುವಾಗ ಬಹುತೇಕ ಸೊನ್ನೆ ತೋರಿಸಬೇಕು. ಆಮೇಲೆ ಫ್ಯೂಸ್‌ನ ಈ ಕಡೆ ಆ ಕಡೆ, ಮೇನ್ ಸ್ವಿಚ್, ಸೊಲೆನಾಯ್ಡ್ (ಮೋಟಾರ್‌ಗೆ ಕರೆಂಟು ಬಿಡುವ ದೊಡ್ಡ ರಿಲೇ), ಮುಂದಿನ ಜಾಯಿಂಟ್. ಎಲ್ಲಿ ಅರ್ಧ ವೋಲ್ಟ್ ಕಾಣಿಸುತ್ತದೋ ಅಲ್ಲಿ ಬಿಚ್ಚಿ ನೋಡಿ, ಹಸಿರು ಕಿಲುಬು ಇರುತ್ತದೆ. ನೆಗೆಟಿವ್ ಕಡೆಯನ್ನೂ ಇದೇ ಥರ ನೋಡಿ. ಜನ ಕೆಂಪು ಕೇಬಲ್ ಮಾತ್ರ ಪರೀಕ್ಷೆ ಮಾಡಿ ಸುಸ್ತಾಗುತ್ತಾರೆ, ಕಿಲುಬು ಕಪ್ಪು ಕೇಬಲ್‌ನಲ್ಲಿ ಕೂತಿರುತ್ತದೆ.

ಜಾಯಿಂಟುಗಳೆಲ್ಲ ಸರಿ ಇದ್ದರೆ ಕೇಬಲ್‌ನ ದಪ್ಪ ಸಾಲದು. 1000 ವ್ಯಾಟ್ ಮೋಟಾರ್ 80 ಆಂಪ್‌ಗಿಂತ ಹೆಚ್ಚು ಎಳೆಯುತ್ತದೆ. ಬ್ಯಾಟರಿಯಿಂದ ಮುಂದಿನ ತುದಿಗೆ 10 ಮೀಟರ್, ಹೋಗಿ ಬರುವುದು ಸೇರಿ 20. ಉದ್ದವನ್ನು 0.0175ರಿಂದ ಗುಣಿಸಿ, ಕೇಬಲ್‌ನ ಚದರ ಮಿಲಿಮೀಟರ್‌ನಿಂದ ಭಾಗಿಸಿ, ಆಂಪ್ಸ್‌ನಿಂದ ಗುಣಿಸಿ. 16 ಚದರ ಮಿ.ಮೀ. ಕೇಬಲ್ ಆದರೆ 80 ಆಂಪ್‌ಗೆ 1.75 ವೋಲ್ಟ್ ನಷ್ಟ. 50 ಚದರ ಮಿ.ಮೀ. ಆದರೆ 0.56. ನ್ಯಾವಿಗೇಷನ್ ದೀಪ, ರೇಡಿಯೋ ಇಂಥ ಮುಖ್ಯವಾದವಕ್ಕೆ 3 ಪರ್ಸೆಂಟ್, ಉಳಿದವಕ್ಕೆ 10 ಪರ್ಸೆಂಟ್ ಒಳಗೆ ನಷ್ಟ ಇರಲಿ ಅಂತ ಅಮೆರಿಕದ ದೋಣಿ ಮಾನದಂಡ ಸಂಸ್ಥೆ ಎಬಿವೈಸಿ ಹೇಳುತ್ತದೆ. ಲಂಗರಿನ ಮೋಟಾರ್ ಎರಡನೇ ಪಟ್ಟಿಗೆ ಬರುತ್ತದೆ, ಆದರೆ ಗಾಳಿ ಎದ್ದ ರಾತ್ರಿ ಲಂಗರು ಜಾರಿದಾಗ ಅದೂ ಮುಖ್ಯವೇ ಅಲ್ವಾ? 5 ಪರ್ಸೆಂಟ್ ಒಳಗಿಡಿ ಅನ್ನುತ್ತೇನೆ ನಾನು.

ಪ್ರಶ್ನೆ: ಲಿಥಿಯಂ ಬ್ಯಾಟರಿ ಹಾಕಬೇಕು ಅಂತಿದ್ದೇವೆ. ಹಳೆಯದನ್ನು ತೆಗೆದು ಅದೇ ಜಾಗದಲ್ಲಿ ಕೂರಿಸಿದರೆ ಸಾಕು, ಬೇರೇನೂ ಬದಲಾಯಿಸಬೇಕಿಲ್ಲ ಅಂತ ಮಾರುವವರು ಹೇಳುತ್ತಾರೆ. ನಿಜಾನಾ?

ಉತ್ತರ: ಕೂರಿಸುವುದಕ್ಕೆ ಜಾಗ ಸಾಕು. ಅಷ್ಟು ಮಾತ್ರ ನಿಜ.

ಬ್ಯಾಟರಿ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ 80 ಪರ್ಸೆಂಟ್ ಧಾರಾಳವಾಗಿ ಬಳಸಬಹುದು. ತೂಕ ಅರ್ಧಕ್ಕಿಂತ ಕಡಿಮೆ. ಅರ್ಧ ತುಂಬಿ ಇಟ್ಟರೂ ಹಾಳಾಗುವುದಿಲ್ಲ, ದೋಣಿಯವರಿಗೆ ಇದೇ ದೊಡ್ಡ ವರ. ಆದರೆ ಅದರ ಒಳ್ಳೆಯ ಗುಣವೇ ಆಲ್ಟರ್ನೇಟರ್‌ಗೆ ಶತ್ರು. ಸೀಸದ ಬ್ಯಾಟರಿ ತುಂಬುತ್ತಾ ಬಂದಂತೆ ಕರೆಂಟು ಕಡಿಮೆ ತೆಗೆದುಕೊಳ್ಳುತ್ತದೆ, ಆಲ್ಟರ್ನೇಟರ್‌ಗೆ ಉಸಿರಾಡಲು ಬಿಡುವು ಸಿಗುತ್ತದೆ. ಲಿಥಿಯಂ ಹಾಗಲ್ಲ, ಹೆಚ್ಚೂಕಡಿಮೆ ತುಂಬುವ ತನಕ ಕೊಟ್ಟಷ್ಟೂ ಎಳೆಯುತ್ತದೆ. ನಿಮ್ಮ ಎಂಜಿನ್‌ಗೆ ಬಂದ ಆಲ್ಟರ್ನೇಟರ್ ಗಂಟೆಗಟ್ಟಲೆ ಪೂರ್ತಿ ಭಾರ ಹೊರಲು ಮಾಡಿದ್ದಲ್ಲ. ಅದರಲ್ಲೂ ಲಂಗರು ಹಾಕಿ ನಿಧಾನಕ್ಕೆ ಎಂಜಿನ್ ಓಡಿಸುವಾಗ ಅದರ ಫ್ಯಾನ್ ಕೂಡ ನಿಧಾನ. ಸುಡುತ್ತದೆ, ಅಷ್ಟೆ.

ಎರಡನೆಯ ಅಪಾಯ ಇನ್ನೂ ಗುಟ್ಟಿನದು. ಲಿಥಿಯಂ ಒಳಗೆ ಬಿಎಂಎಸ್ ಅಂತ ಒಂದು ಕಾವಲುಗಾರ ಇರುತ್ತದೆ. ವೋಲ್ಟೇಜ್ ಜಾಸ್ತಿ ಆಯಿತು, ಬಿಸಿ ಆಯಿತು ಅನ್ನಿಸಿದರೆ ಅದು ಬ್ಯಾಟರಿಯನ್ನು ಥಟ್ಟನೆ ಕಡಿದುಹಾಕುತ್ತದೆ. ಆ ಕ್ಷಣ ಆಲ್ಟರ್ನೇಟರ್ 60-70 ಆಂಪ್ ತಳ್ಳುತ್ತಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ. ವೋಲ್ಟೇಜ್ ಏಕಾಏಕಿ ಮೇಲೆ ಚಿಮ್ಮಿ ಆಲ್ಟರ್ನೇಟರ್‌ನ ಡಯೋಡ್ ಹೋಗುತ್ತದೆ, ಕೆಲವು ಸಲ ಜೊತೆಗೆ ಚಾರ್ಟ್‌ಪ್ಲಾಟರ್ (ದಾರಿಯ ನಕ್ಷೆ ತೋರಿಸುವ ಪರದೆ), ರೇಡಿಯೋ ಕೂಡ.

ಎರಡಕ್ಕೂ ಸೇರಿ ಒಂದು ಸರಳ ದಾರಿ ಇದೆ. ಆಲ್ಟರ್ನೇಟರ್ ತನ್ನ ಪಾಡಿಗೆ ಸೀಸದ ಸ್ಟಾರ್ಟರ್ ಬ್ಯಾಟರಿಗೇ ಚಾರ್ಜ್ ಮಾಡಲಿ. ಅಲ್ಲಿಂದ ಡಿಸಿ-ಡಿಸಿ ಚಾರ್ಜರ್ (ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಅಳತೆಯಲ್ಲಿ ತುಂಬುವ ಪೆಟ್ಟಿಗೆ) ಮೂಲಕ ಲಿಥಿಯಂಗೆ ಹೋಗಲಿ. ಬಿಎಂಎಸ್ ಕಡಿದರೂ ಆಲ್ಟರ್ನೇಟರ್‌ಗೆ ಸೀಸದ ಬ್ಯಾಟರಿ ಆಸರೆಯಾಗಿ ಇದ್ದೇ ಇರುತ್ತದೆ. ಚಾರ್ಜರ್‌ಗಳ ಒಟ್ಟು ಆಂಪ್ಸ್ ಆಲ್ಟರ್ನೇಟರ್‌ನ ಅರ್ಧದ ಒಳಗೆ ಇಡಿ. ಇನ್ನೂ ಜಾಸ್ತಿ ಬೇಕು ಅನ್ನುವವರು ದೊಡ್ಡ ಆಲ್ಟರ್ನೇಟರ್ ಹಾಕಿ, ಅದರ ಬಿಸಿ ನೋಡಿಕೊಂಡು ಕರೆಂಟು ತಗ್ಗಿಸುವ ಹೊರಗಿನ ರೆಗ್ಯುಲೇಟರ್ ಹಾಕಬೇಕು. ಅದು ಬೆಲ್ಟ್, ಪುಲ್ಲಿ ಎಲ್ಲವನ್ನೂ ಬದಲಾಯಿಸುವ ಕೆಲಸ.

ಹಾಗೇ, ಎರಡು ಬ್ಯಾಂಕ್‌ಗಳ ನಡುವೆ ವೋಲ್ಟೇಜ್ ನೋಡಿ ತಾನೇ ಸೇರಿಸುವ ರಿಲೇ ಇದ್ದರೆ ಅದನ್ನು ತೆಗೆಯಿರಿ. ಅದು ಸುಮಾರು 13.3ಕ್ಕೆ ಸೇರಿಸಿ 12.8ಕ್ಕೆ ಬಿಡಿಸುತ್ತದೆ. ಲಿಥಿಯಂ ಸುಮ್ನೆ ಕೂತಾಗಲೇ 13.3 ತೋರಿಸುತ್ತದೆ. ಇನ್ನು ಅದು ಬಿಡಿಸುವುದು ಯಾವಾಗ? ಇದೇ ಕಾರಣಕ್ಕೆ ವೋಲ್ಟೇಜ್ ನೋಡಿ ಎಷ್ಟು ಚಾರ್ಜ್ ಉಳಿದಿದೆ ಅಂತ ಹೇಳುವುದೂ ಆಗುವುದಿಲ್ಲ. ಶಂಟ್ ಬೇಕೇ ಬೇಕು.

ಫ್ಯೂಸ್ ವಿಷಯದಲ್ಲಿ ಚೌಕಾಸಿ ಬೇಡ. ಲಿಥಿಯಂ ಬ್ಯಾಂಕ್ ಶಾರ್ಟ್ ಆದರೆ ಸಾವಿರಾರು ಆಂಪ್ ಹರಿಯುತ್ತದೆ. ಸಾಧಾರಣ ಫ್ಯೂಸ್ ಕರಗಿದರೂ ಒಳಗೆ ಕಿಡಿ ಆರದೆ ಕರೆಂಟು ಹರಿಯುತ್ತಲೇ ಇರಬಹುದು. ಕ್ಲಾಸ್ ಟಿ ಫ್ಯೂಸ್ 20,000 ಆಂಪ್‌ವರೆಗಿನ ಶಾರ್ಟನ್ನೂ ಕಡಿಯಬಲ್ಲದು, ಅದನ್ನೇ ಹಾಕಿ, ಬ್ಯಾಟರಿಯಿಂದ ಒಂದು ಗೇಣಿನ ಒಳಗೆ. ಎಬಿವೈಸಿ ಲಿಥಿಯಂಗೆ ಅಂತಲೇ ಇ-13 ಎಂಬ ಮಾನದಂಡ ತಂದಿದೆ. ಅದರಲ್ಲಿ ನನಗೆ ಹಿಡಿಸಿದ ಮಾತು: ಬಿಎಂಎಸ್ ಕಡಿಯುವ ಮುಂಚೆ ನಾವಿಕನಿಗೆ ಕಾಣುವ ಹಾಗೋ ಕೇಳುವ ಹಾಗೋ ಎಚ್ಚರಿಕೆ ಕೊಡಬೇಕು. ಕೊಳ್ಳುವಾಗ ಈ ಒಂದು ಪ್ರಶ್ನೆ ಕೇಳಿ, ಅಲಾರಂಗೆ ವೈರ್ ಇದೆಯಾ ಅಂತ. ಕತ್ತಲಲ್ಲಿ ಹಡಗುಗಳ ದಾರಿ ದಾಟುವಾಗ ಹೇಳದೆ ಕೇಳದೆ ದೀಪ, ಆಟೋಪೈಲಟ್ ಎಲ್ಲ ಒಟ್ಟಿಗೆ ಆರಿಹೋದರೆ ಹೇಗಿರುತ್ತದೆ ಯೋಚಿಸಿ. ಇನ್ನೊಂದು, ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು. ಚಳಿ ನೀರಿಗೆ ಹೋಗುವವರು ನೆನಪಿಡಿ.

ಪ್ರಶ್ನೆ: 400 ವ್ಯಾಟ್ ಸೋಲಾರ್ ಇದೆ. ಒಳ್ಳೇ ಬಿಸಿಲಲ್ಲೂ ದಿನಕ್ಕೆ 50 ಆಂಪ್ ಅವರ್ ದಾಟುವುದಿಲ್ಲ. ಪ್ಯಾನೆಲ್ ಡೂಪ್ಲಿಕೇಟಾ?

ಉತ್ತರ: ಇರಲಾರದು. ಉಷ್ಣವಲಯದ ಬಿಸಿಲಲ್ಲಿ, ಮಟ್ಟಸವಾಗಿ ಮಲಗಿಸಿದ 100 ವ್ಯಾಟ್ ಪ್ಯಾನೆಲ್‌ನಿಂದ ದಿನಕ್ಕೆ 25-30 ಆಂಪ್ ಅವರ್ ನಿರೀಕ್ಷೆ ಮಾಡಬಹುದು. ನಿಮಗೆ 100 ಬರಬೇಕು. ಅರ್ಧ ಎಲ್ಲಿ ಹೋಯಿತು?

ಮೊದಲ ಅನುಮಾನ ನೆರಳು. ಪ್ಯಾನೆಲ್ ಒಳಗಿನ ಸೆಲ್‌ಗಳು ಒಂದರ ಹಿಂದೆ ಒಂದು ಸರಣಿಯಲ್ಲಿವೆ. ಬೂಮ್‌ನ, ಅಂದರೆ ಹಾಯಿಯ ಕೆಳಗಿನ ಅಡ್ಡಕಂಬದ ನೆರಳು ಒಂದು ಮೂಲೆಗೆ ಬಿದ್ದರೂ ಆ ಸಾಲು ಪೂರ್ತಿ ಕೆಲಸ ನಿಲ್ಲಿಸುತ್ತದೆ. ಮಧ್ಯಾಹ್ನ ಕಂಟ್ರೋಲರ್‌ನ (ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವಿನ ಪೆಟ್ಟಿಗೆ) ಆಂಪ್ಸ್ ನೋಡುತ್ತಾ ಬೂಮನ್ನು ಹಗ್ಗ ಕಟ್ಟಿ ಒಂದು ಬದಿಗೆ ಎಳೆದು ನೋಡಿ. ಅಂಕಿ ಒಮ್ಮೆಲೇ ಹಾರಿದರೆ ಉತ್ತರ ಸಿಕ್ಕಿತು. ಲಂಗರು ಹಾಕಿದಾಗ ಬೂಮ್ ಪಕ್ಕಕ್ಕೆ ಕಟ್ಟುವ ಅಭ್ಯಾಸ ಮಾಡಿಕೊಳ್ಳಿ. ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ್ದರೆ ಬಿಡಿಸಿ ಒಂದೊಂದಕ್ಕೆ ಒಂದು ಚಿಕ್ಕ ಎಂಪಿಪಿಟಿ (ಪ್ಯಾನೆಲ್‌ನಿಂದ ಆದಷ್ಟೂ ಹಿಂಡಿ ತೆಗೆಯುವ) ಕಂಟ್ರೋಲರ್ ಕೊಡಿ, ಒಂದಕ್ಕೆ ನೆರಳಾದರೂ ಉಳಿದವು ದುಡಿಯುತ್ತವೆ.

ಕಂಟ್ರೋಲರ್ ಹಳೇ ಪಿಡಬ್ಲ್ಯೂಎಂ ಆಗಿದ್ದರೆ ಅಲ್ಲೂ ಸೋರಿಕೆ ಇದೆ. 100 ವ್ಯಾಟ್ ಪ್ಯಾನೆಲ್ ಅಂದರೆ 18 ವೋಲ್ಟ್, 5.5 ಆಂಪ್. ಪಿಡಬ್ಲ್ಯೂಎಂ ಅದನ್ನು ಬ್ಯಾಟರಿಯ 13 ವೋಲ್ಟ್‌ಗೆ ಎಳೆದು ಕೂರಿಸುತ್ತದೆ, ಸಿಗುವುದು 72 ವ್ಯಾಟ್.

ಆದರೆ ಇನ್ನೊಂದು ಸಾಧ್ಯತೆಯನ್ನು ಮರೆಯಬೇಡಿ. ಮಧ್ಯಾಹ್ನ ಒಂದಕ್ಕೇ ಬ್ಯಾಟರಿ ತುಂಬಿದ್ದರೆ ಕಂಟ್ರೋಲರ್ ತಾನೇ ಕರೆಂಟು ತಗ್ಗಿಸುತ್ತದೆ. ಆಗ 50 ಬಂದಿದ್ದು ಪ್ಯಾನೆಲ್‌ನ ದೋಷವಲ್ಲ, ನಿಮಗೆ ಬೇಕಿದ್ದೇ ಅಷ್ಟು. ಪರದೆಯ ಮೇಲೆ ಫ್ಲೋಟ್ (ತುಂಬಿದೆ, ಬರೀ ಕಾಯ್ದುಕೊಳ್ಳುತ್ತಿದೆ) ಅಂತ ಬಂದಿದೆಯಾ ನೋಡಿ.

ಪ್ರಶ್ನೆ: ದಡದ ಕರೆಂಟಿಗೆ ಸಿಕ್ಕಿಸಿ ಮಲಗಿದ್ದೆವು. ರಾತ್ರಿ ಕೊಳೆತ ಮೊಟ್ಟೆ ವಾಸನೆ. ಟಾಯ್ಲೆಟ್ ಅಂದುಕೊಂಡು ತೊಳೆದೆವು, ಹೋಗಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಕೂಗಿತು.

ಉತ್ತರ: ಬ್ಯಾಟರಿ ಮುಟ್ಟಿ ನೋಡಿದಿರಾ? ಒಂದು ಸುಡುತ್ತಿರುತ್ತದೆ ಅಂತ ನನ್ನ ಅನುಮಾನ. ಸೀಸದ ಬ್ಯಾಟರಿಯಲ್ಲಿ ಒಂದು ಸೆಲ್ ಒಳಗೇ ಶಾರ್ಟ್ ಆದರೆ ಚಾರ್ಜರ್‌ಗೆ ಅದು ಗೊತ್ತಾಗುವುದಿಲ್ಲ, ತಳ್ಳುತ್ತಲೇ ಇರುತ್ತದೆ. ಉಳಿದ ಸೆಲ್‌ಗಳು ಕುದಿದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಇದು ವಿಷದ ಗಾಳಿ. ಸ್ವಲ್ಪ ಹೊತ್ತಿಗೆ ಮೂಗು ಮರಗಟ್ಟಿ ವಾಸನೆ ನಿಂತ ಹಾಗೆ ಅನ್ನಿಸುತ್ತದೆ, ನಿಂತಿರುವುದಿಲ್ಲ. ಜೊತೆಗೆ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ 4 ಪರ್ಸೆಂಟ್ ಸೇರಿದರೆ ಕಿಡಿ ಸಾಕು. ಅಲಾರಂ ಕೂಗಿದ್ದು ಈ ಹೈಡ್ರೋಜನ್‌ಗೇ ಇರಬಹುದು, ಆ ಸೆನ್ಸರ್‌ಗಳು ಎರಡನ್ನೂ ಒಂದೇ ಅಂದುಕೊಳ್ಳುತ್ತವೆ. ಹಾಗಂತ ಕಾರ್ಬನ್ ಮೊನಾಕ್ಸೈಡ್ ಅಲ್ಲ ಅಂತ ನೀವೇ ತೀರ್ಮಾನ ಮಾಡಿ ಒಳಗೆ ಕೂರಬೇಡಿ.

ಮತ್ತೆ ಹೀಗಾದರೆ ಎಲ್ಲರೂ ಮೊದಲು ಡೆಕ್ ಮೇಲೆ ಬನ್ನಿ. ಚಾರ್ಜರನ್ನು ದಡದ ಕಂಬದಲ್ಲೇ ಆಫ್ ಮಾಡಿ. ಬಾಗಿಲು, ಕಿಟಕಿ ಎಲ್ಲ ತೆರೆಯಿರಿ. ಬ್ಯಾಟರಿಯ ಕೇಬಲ್ ಕೀಳಲು ಆತುರ ಬೇಡ, ಗಾಳಿಯಾಡಿ, ಬ್ಯಾಟರಿ ತಣ್ಣಗಾದ ಮೇಲೆ ಕಳಚಿ. ಅದು ಇನ್ನು ದೋಣಿಯಲ್ಲಿ ಇರಬಾರದು.

ಪ್ರಶ್ನೆ: ಹಾಯಿಕಂಬದ ತುದಿಗೆ ಎಲ್‌ಇಡಿ ದೀಪ ಹಾಕಿಸಿದ ಮೇಲೆ ರಾತ್ರಿ ಹೊತ್ತು ಎಐಎಸ್‌ನಲ್ಲಿ (ಸುತ್ತಲಿನ ಹಡಗುಗಳನ್ನು ವಿಎಚ್‌ಎಫ್ ರೇಡಿಯೋ ಮೂಲಕ ತೋರಿಸುವ ಉಪಕರಣ) ದೂರದ ಹಡಗುಗಳು ಕಾಣುತ್ತಿಲ್ಲ. ಹಗಲು ಸರಿಯಾಗಿ ಕಾಣುತ್ತವೆ.

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕೆಲವು ಎಲ್‌ಇಡಿಗಳ ಒಳಗಿನ ಸರ್ಕ್ಯೂಟ್ ರೇಡಿಯೋ ಗದ್ದಲ ಮಾಡುತ್ತದೆ, ಅದೇ ತುದಿಯಲ್ಲಿ ವಿಎಚ್‌ಎಫ್ ಆಂಟೆನಾ ಇರುತ್ತದೆ. 2018ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತು. ಪರೀಕ್ಷೆ ಸುಲಭ. ದೀಪ ಆಫ್ ಮಾಡಿ. ರೇಡಿಯೋದಲ್ಲಿ ಯಾರೂ ಮಾತಾಡದ ಚಾನೆಲ್ ಹಿಡಿದು, ಸ್ಕ್ವೆಲ್ಚನ್ನು (ಗದ್ದಲ ಅಡಗಿಸುವ ಗುಂಡಿ) ಗೊರಗೊರ ಶಬ್ದ ಬರುವವರೆಗೆ ತಿರುಗಿಸಿ, ಶಬ್ದ ಆಗಷ್ಟೇ ನಿಲ್ಲುವ ಜಾಗಕ್ಕೆ ಹಿಂದಕ್ಕೆ ತನ್ನಿ. ಈಗ ದೀಪ ಹಾಕಿ. ಗೊರಗೊರ ಶುರುವಾದರೆ ಅಪರಾಧಿ ಅದೇ. ವೈರಿಗೆ ಫೆರೈಟ್ (ರೇಡಿಯೋ ಗದ್ದಲ ತಡೆಯುವ ತುಂಡು) ಹಾಕಿ ಸರಿಮಾಡಲು ಒದ್ದಾಡುವವರಿದ್ದಾರೆ. ಗದ್ದಲ ಮಾಡುವುದಿಲ್ಲ ಅಂತ ಪರೀಕ್ಷೆಯಾದ ದೀಪವನ್ನೇ ಹಾಕುವುದು ವಾಸಿ, ಕಂಬ ಹತ್ತುವುದು ಒಂದೇ ಸಲಕ್ಕೆ ಮುಗಿಯುತ್ತದೆ.

ಪ್ರಶ್ನೆ: ವೈರ್ ಜೋಡಿಸಲು ಬೆಸುಗೆ ಒಳ್ಳೆಯದಾ, ಕ್ರಿಂಪ್ (ಇಕ್ಕಳದಿಂದ ಒತ್ತಿ ಹಿಡಿಸುವುದು) ಒಳ್ಳೆಯದಾ? ನಮ್ಮಲ್ಲಿ ದಿನಾ ಜಗಳ.

ಉತ್ತರ: ಕ್ರಿಂಪ್. ಬೆಸುಗೆ ಎಳೆಗಳ ಒಳಗೆ ಹೀರಿಕೊಂಡು ವೈರ್ ಅಲ್ಲಿ ಕಡ್ಡಿಯಂತಾಗುತ್ತದೆ. ದೋಣಿ ಸದಾ ಅಲುಗುವ ಜಾಗ, ಆ ಗಟ್ಟಿ ಭಾಗ ಮುಗಿಯುವ ಕಡೆಯೇ ಮುರಿಯುತ್ತದೆ. ಬರೀ ಬೆಸುಗೆಯನ್ನೇ ನಂಬಿ ವೈರ್ ಹಿಡಿಸಬಾರದು ಅಂತ ಎಬಿವೈಸಿಯೂ ಹೇಳುತ್ತದೆ. ತವರ ಲೇಪಿಸಿದ ಸಣ್ಣ ಎಳೆಗಳ ತಾಮ್ರದ ವೈರ್, ಪೂರ್ತಿ ಒತ್ತಿದ ಮೇಲೇ ಬಾಯಿ ಬಿಡುವ ರ‍್ಯಾಚೆಟ್ ಇಕ್ಕಳ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್, ಇವು ಮೂರು ಇರಲಿ. ಕ್ರಿಂಪ್ ಮಾಡಿದ ಮೇಲೆ ಒಮ್ಮೆ ಜೋರಾಗಿ ಎಳೆಯಿರಿ. ಹಳೇ ವೈರ್ ಸುಲಿದಾಗ ತಾಮ್ರ ಕಪ್ಪಗಿದ್ದರೆ ಹಿಂದಕ್ಕೆ ಕತ್ತರಿಸುತ್ತಾ ಹೋಗಿ. ಒಂದು ಅಡಿ ಕತ್ತರಿಸಿದರೂ ಹೊಳೆಯುವ ತಾಮ್ರ ಸಿಗದಿದ್ದರೆ ಆ ವೈರನ್ನೇ ಬದಲಾಯಿಸಿ.

ಪ್ರಶ್ನೆ: ಮರೀನಾದಲ್ಲಿ (ದೋಣಿಗಳ ತಂಗುದಾಣ) ನಿಂತ ಮೇಲೆ ಪ್ರೊಪೆಲರ್ ಶಾಫ್ಟ್‌ನ ಜಿಂಕ್ (ಉಳಿದ ಲೋಹದ ಬದಲು ತಾನು ಸವೆಯುವ ತುಂಡು) ಬೇಗ ಬೇಗ ಕರಗುತ್ತಿದೆ. ದಡದ ಕರೆಂಟಿನ ಅರ್ಥ್ ವೈರ್ ಕಿತ್ತುಬಿಟ್ಟರೆ ನಿಲ್ಲುತ್ತದೆ ಅಂತ ಪಕ್ಕದ ದೋಣಿಯವರು ಹೇಳಿದರು.

ಉತ್ತರ: ಜಿಂಕ್ ಕರಗುವುದು ನಿಲ್ಲಬಹುದು, ಜೀವ ಹೋಗಬಹುದು. ಆ ವೈರನ್ನು ದಯವಿಟ್ಟು ಮುಟ್ಟಬೇಡಿ. ದೋಣಿಯ ಒಳಗೆ 230 ವೋಲ್ಟ್ ಎಲ್ಲಾದರೂ ಲೀಕ್ ಆದರೆ ಅದಕ್ಕೆ ವಾಪಸ್ ಹೋಗಲು ಇರುವ ಸುರಕ್ಷಿತ ದಾರಿ ಅದೊಂದೇ. ಅದಿಲ್ಲದಿದ್ದರೆ ಕರೆಂಟು ನೀರಿಗೆ ಇಳಿಯುತ್ತದೆ, ಪಕ್ಕದಲ್ಲಿ ಈಜುತ್ತಿರುವವರಿಗೆ ಹೊಡೆಯುತ್ತದೆ. ಸಿಹಿ ನೀರಲ್ಲಂತೂ ಇನ್ನೂ ಅಪಾಯ.

ಪಕ್ಕದವರು ಕಾರಣ ಸರಿಯಾಗಿಯೇ ಹೇಳಿದ್ದಾರೆ, ಮದ್ದು ಮಾತ್ರ ತಪ್ಪು. ಅರ್ಥ್ ವೈರ್ ಮರೀನಾದ ಎಲ್ಲ ದೋಣಿಗಳ ಲೋಹಗಳನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ನಿಮ್ಮ ಜಿಂಕ್ ಊರಿನವರ ಲೋಹವನ್ನೆಲ್ಲ ಕಾಯುತ್ತಿದೆ. ಅರ್ಥ್ ವೈರ್‌ಗೆ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿಸಿ. ಲೋಹಗಳ ನಡುವಿನ ಸಣ್ಣ ಡಿಸಿ ವೋಲ್ಟೇಜನ್ನು ಅದು ತಡೆಯುತ್ತದೆ, ನಿಜವಾದ ಲೀಕ್ ಬಂದರೆ ಹರಿಯಲು ಬಿಡುತ್ತದೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇನ್ನೂ ಒಳ್ಳೆಯದು, ಆದರೆ ಭಾರ. ಎರಡರಲ್ಲಿ ಯಾವುದಿದ್ದರೂ 30 ಮಿಲಿ ಆಂಪ್‌ಗೆ ಬೀಳುವ ಆರ್‌ಸಿಡಿ (ಲೀಕ್ ಆದರೆ ಕರೆಂಟು ಕಡಿಯುವ ಸ್ವಿಚ್) ಇರಲೇಬೇಕು.

ದಡದ ಕೇಬಲ್ಲನ್ನೇ ಪೂರ್ತಿ ಕಿತ್ತಿಟ್ಟ ವಾರಗಳಲ್ಲೂ ಜಿಂಕ್ ಅದೇ ವೇಗದಲ್ಲಿ ಕರಗಿದರೆ ಕಳ್ಳ ನಿಮ್ಮ ದೋಣಿಯೊಳಗೇ ಇದ್ದಾನೆ. ಬಿಲ್ಜ್ (ದೋಣಿಯ ಒಳತಳ) ನೀರಲ್ಲಿ ಮುಳುಗಿರುವ ಪಂಪ್‌ನ ಜಾಯಿಂಟ್‌ನಿಂದ ಹುಡುಕಲು ಶುರು ಮಾಡಿ.

ಪ್ರಶ್ನೆ: 12 ವೋಲ್ಟ್ ತೆಗೆದು 24 ಮಾಡಿದರೆ ಹೇಗೆ?

ಉತ್ತರ: ಹೊಸದಾಗಿ ಕಟ್ಟುವ ದೊಡ್ಡ ದೋಣಿಗೆ ಚೆನ್ನ. ಆಂಪ್ಸ್ ಅರ್ಧ, ಕೇಬಲ್ ತೆಳು. ಇರುವ ದೋಣಿಯಲ್ಲಿ ಪಂಪ್, ದೀಪ, ಸ್ಟಾರ್ಟರ್ ಎಲ್ಲ ಬದಲಾಯಿಸುವ ಕಷ್ಟ ಯಾಕೆ? ಬಿಡಿ.

ಪ್ರಶ್ನೆ: ಯಾವ ಬ್ಯಾಟರಿ ಅಂತ ಆರಿಸುವ 1-2-ಬೋತ್ ಸ್ವಿಚ್ಚನ್ನು ಎಂಜಿನ್ ಓಡುವಾಗ ತಿರುಗಿಸಿದ್ದಕ್ಕೆ ಆಲ್ಟರ್ನೇಟರ್ ಹೋಯಿತು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಹಾಗೂ ಆಗುತ್ತಾ?

ಉತ್ತರ: ಆಗುತ್ತದೆ. ಆಫ್ ದಾಟಿಕೊಂಡು ತಿರುಗಿಸಿದರೆ ಆ ಕ್ಷಣ ಆಲ್ಟರ್ನೇಟರ್‌ಗೆ ಬ್ಯಾಟರಿಯೇ ಇರುವುದಿಲ್ಲ. ಮೇಲೆ ಲಿಥಿಯಂ ಬಗ್ಗೆ ಹೇಳಿದ ಕತೆಯೇ ಇದು. ಆಲ್ಟರ್ನೇಟರ್‌ನ ದಪ್ಪ ಕೇಬಲ್ಲನ್ನು ಫ್ಯೂಸ್ ಹಾಕಿ ನೇರ ಬ್ಯಾಟರಿಗೇ ಕೊಟ್ಟರೆ ಸ್ವಿಚ್ ಯಾರು ಹೇಗೆ ತಿರುಗಿಸಿದರೂ ತೊಂದರೆ ಇಲ್ಲ.

ಪ್ರಶ್ನೆ: ಆರು ತಿಂಗಳು ದೋಣಿಯನ್ನು ನೀರಲ್ಲೇ ಬಿಟ್ಟು ಹೋಗುತ್ತಿದ್ದೇವೆ. ಎಲ್ಲ ಆಫ್ ಮಾಡಿ ಹೋಗೋದಾ, ಆನ್ ಬಿಟ್ಟು ಹೋಗೋದಾ? ಸ್ಟಾರ್ಟರ್ ಬ್ಯಾಟರಿ ಸೀಸದ್ದು, ಮನೆಬಳಕೆಯ ಬ್ಯಾಂಕ್ ಲಿಥಿಯಂ.

ಉತ್ತರ: ಎರಡಕ್ಕೂ ಉಪಚಾರ ಬೇರೆ ಬೇರೆ. ಸೀಸದ ಬ್ಯಾಟರಿಗೆ ಹೊಟ್ಟೆ ತುಂಬಿರಬೇಕು, ಲಿಥಿಯಂಗೆ ತುಂಬಿರಬಾರದು. ಲಿಥಿಯಂ ಬ್ಯಾಂಕನ್ನು 50-60 ಪರ್ಸೆಂಟ್‌ಗೆ ಇಳಿಸಿ ಮೇನ್ ಸ್ವಿಚ್ ಆಫ್ ಮಾಡಿ. ದೊಡ್ಡ ಸೋಲಾರ್‌ನ ಕಂಟ್ರೋಲರ್ ಅದಕ್ಕೆ ಚಾರ್ಜ್ ಮಾಡದ ಹಾಗೆ ನೋಡಿಕೊಳ್ಳಿ: ಮೊದಲು ಪ್ಯಾನೆಲ್‌ನ ಸಂಪರ್ಕ ತೆಗೆದು, ಆಮೇಲೆ ಬ್ಯಾಟರಿಯದ್ದು. ಉಲ್ಟಾ ಮಾಡಿದರೆ ಕೆಲವು ಕಂಟ್ರೋಲರ್‌ಗಳು ಕೆಡುತ್ತವೆ. ಬಿಎಂಎಸ್ ತಾನೂ ಸ್ವಲ್ಪ ಸ್ವಲ್ಪ ಕುಡಿಯುತ್ತಿರುತ್ತದೆ, ಹಾಗಾಗಿ 10-20 ಪರ್ಸೆಂಟ್‌ನಲ್ಲಿ ಬಿಟ್ಟು ಹೋಗುವುದು ಬೇಡ, ವಾಪಸ್ ಬರುವಷ್ಟರಲ್ಲಿ ಏಳದ ಹಾಗೆ ಮಲಗಿರುತ್ತದೆ.

ಬಿಲ್ಜ್ ಪಂಪ್ ಸ್ಟಾರ್ಟರ್ ಬ್ಯಾಟರಿಯ ಮೇಲಿರಲಿ. ಅದರ ವೈರ್ ಮೇನ್ ಸ್ವಿಚ್‌ಗೆ ಮುಂಚೆಯೇ ಹೊರಡಬೇಕು, ತನ್ನದೇ ಫ್ಯೂಸ್ ಇರಬೇಕು, ಮೇನ್ ಆಫ್ ಮಾಡಿದರೂ ಅದು ಬದುಕಿರಬೇಕು. ಆ ಬ್ಯಾಟರಿಗೆ ಒಂದು 20-30 ವ್ಯಾಟ್‌ನ ಸಣ್ಣ ಪ್ಯಾನೆಲ್, ಸಣ್ಣ ಕಂಟ್ರೋಲರ್ ಸಾಕು. ಹೊರಡುವ ದಿನ ಫ್ಲೋಟ್ ಸ್ವಿಚ್ಚನ್ನು ಕೈಯಿಂದ ಎತ್ತಿ ನೋಡಿದರೆ ಆಗಲಿಲ್ಲ, ಬಿಲ್ಜ್‌ಗೆ ಎರಡು ಬಕೆಟ್ ನೀರು ಸುರಿದು ಪಂಪ್ ತಾನೇ ಎದ್ದು, ನೀರು ಹೊರಗೆ ಹಾಕಿ, ತಾನೇ ನಿಲ್ಲುತ್ತದಾ ನೋಡಿ. ದಡದ ಕೇಬಲ್ ಕಿತ್ತೇ ಹೋಗಿ. ಅದರ ಪ್ಲಗ್‌ನ ಪಿನ್‌ಗಳನ್ನೂ ಒಮ್ಮೆ ನೋಡಿ, ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ ಅದು ಆಗಲೇ ಸುಡಲು ಶುರುವಾಗಿದೆ, ವಾಪಸ್ ಬಂದಾಗ ಅದೇ ಪ್ಲಗ್ ಸಿಕ್ಕಿಸಬೇಡಿ, ಹೊಸದು ಹಾಕಿಸಿ.